ಕೋಚ್‌ಗೆ ಕೇಳಿ: ನನ್ನ ಬಾಲ್ ಯಾಕೆ ಸರ್ವಿಸ್ ಲೈನ್ ಹತ್ತಿರವೇ ಬೀಳುತ್ತೆ?

ಪ್ರಶ್ನೆ – ಜಯನಗರದ ಸದಸ್ಯರು

ಸರ್, ವಯಸ್ಸು 38. ಮೂರು ವರ್ಷದಿಂದ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಟೆನಿಸ್ ಆಡುತ್ತೇನೆ. ಬಲಗೈ, ಫೋರ್‌ಹ್ಯಾಂಡಿಗೆ ಸೆಮಿ ವೆಸ್ಟರ್ನ್ ಗ್ರಿಪ್ (ಅಂಗೈ ಹಿಡಿಯ ಅರ್ಧ ಕೆಳಗೆ ಬರುವ ಹಿಡಿತ). ರ‍್ಯಾಲಿಯಲ್ಲಿ ನನ್ನ ಬಾಲ್ ಸರ್ವಿಸ್ ಲೈನ್ ಹತ್ತಿರವೇ ಬೀಳುತ್ತದೆ. ಎದುರಿನವರು ಒಳಗೆ ನುಗ್ಗಿ ಹೊಡೆದು ಮುಗಿಸುತ್ತಾರೆ. ಸರಿ ಅಂತ ಜೋರಾಗಿ ಹೊಡೆದರೆ ಹಿಂದಿನ ಫೆನ್ಸಿಗೆ ಹೋಗಿ ಬಡಿಯುತ್ತದೆ. ಯೂಟ್ಯೂಬ್ ನೋಡಿ ಮಣಿಕಟ್ಟು ತಿರುಗಿಸಿ ಟಾಪ್‌ಸ್ಪಿನ್ (ಬಾಲ್ ಮುಂದಕ್ಕೆ ಉರುಳುವ ಹಾಗೆ ತಿರುಗಿಸುವುದು) ಕೊಡಲು ಶುರು ಮಾಡಿದೆ. ಈಗ ಇನ್ನೂ ಶಾರ್ಟ್! ಮೊಬೈಲ್ ವಿಡಿಯೋ ಹಾಕಿದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ?

ಕೋಚ್

ವಿಡಿಯೋ ಎರಡು ಸಲ ನೋಡಿದೆ. 22 ಫೋರ್‌ಹ್ಯಾಂಡ್ ಇವೆ. ಅದರಲ್ಲಿ 17 ಬಾಲ್ ನೆಟ್ ಮೇಲೆ ಒಂದು ಅಡಿಯೊಳಗೇ ದಾಟಿವೆ. ನಿಮಗೆ ವೇಗ ಕಡಿಮೆ ಇಲ್ಲ. ಎತ್ತರ ಸಾಲದು.

ಲೆಕ್ಕ ನೋಡಿ. ಕೋರ್ಟಿನ ಉದ್ದ 78 ಅಡಿ. ಆ ಕಡೆ ನೆಟ್‌ನಿಂದ ಸರ್ವಿಸ್ ಲೈನ್‌ವರೆಗೆ 21 ಅಡಿ, ಅಲ್ಲಿಂದ ಹಿಂದಿನ ಗೆರೆ, ಅಂದರೆ ಬೇಸ್‌ಲೈನ್‌ವರೆಗೆ 18 ಅಡಿ. ಈ ಹಿಂದಿನ 18 ಅಡಿಗೆ ನಿಮ್ಮ ಬಾಲ್ ಹೋಗುತ್ತಲೇ ಇಲ್ಲ. ಒಂದೇ ವೇಗದ ಬಾಲ್ ನೆಟ್ ಸವರಿಕೊಂಡು ಹೋದರೆ ಬೇಗ ಬೀಳುತ್ತದೆ, ಮೂರು ನಾಲ್ಕು ಅಡಿ ಮೇಲೆ ಹೋದರೆ ದೂರ ಬೀಳುತ್ತದೆ. ಇಷ್ಟೇ ವಿಷಯ. ಆದರೆ ಎಲ್ಲರೂ ಬೇಸ್‌ಲೈನ್ ನೋಡಿಕೊಂಡು ಹೊಡೆಯುತ್ತಾರೆ. ಇನ್ನು ಮೇಲೆ ನೀವು ನೆಟ್ ಮೇಲಿನ ಗಾಳಿ ನೋಡಿಕೊಂಡು ಹೊಡೆಯಿರಿ.

ನೆಟ್ ಸವರಿದರೇ ಒಳ್ಳೆ ಹೊಡೆತ ಅನ್ನೋ ನಂಬಿಕೆ ಟಿವಿಯಿಂದ ಬಂದದ್ದು. ಅಲ್ಲಿ ಕ್ಯಾಮೆರಾ ಹಿಂದೆ, ಮೇಲೆ ಇರುತ್ತದೆ. ಹಾಗಾಗಿ ಬಾಲಿನ ಕಮಾನು ಕಾಣುವುದಿಲ್ಲ, ಎಲ್ಲ ನೇರ ಗೆರೆ ಅನ್ನಿಸುತ್ತದೆ. ಮುಂದಿನ ಸಲ ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ (ರಾಜ್ಯ ಟೆನಿಸ್ ಸಂಸ್ಥೆ) ಸ್ಟೇಡಿಯಂನಲ್ಲಿ ಬೆಂಗಳೂರು ಓಪನ್ ಟೂರ್ನಿ ನಡೆದಾಗ ಹೋಗಿ, ನೆಟ್ ಕಂಬದ ನೇರಕ್ಕೆ ಕೂತು ನೋಡಿ. ರ‍್ಯಾಲಿ ಬಾಲ್ ಎಷ್ಟು ಮೇಲಿಂದ ಹೋಗುತ್ತದೆ ಅಂತ ಆಗ ಗೊತ್ತಾಗುತ್ತದೆ.

ಇನ್ನು ಟಾಪ್‌ಸ್ಪಿನ್. ಮೇಲೆ ಹೊಡೆದರೆ ಔಟಾಗುತ್ತಲ್ಲ ಅಂತ ಕೇಳುತ್ತೀರಿ. ಅದಕ್ಕೇ ಸ್ಪಿನ್ ಬೇಕಾಗಿರುವುದು. ಬಾಲಿನ ಮೇಲ್ಭಾಗ ಮುಂದಕ್ಕೆ ಉರುಳುತ್ತಾ ಹೋದರೆ ಗಾಳಿ ಅದನ್ನು ಕೆಳಕ್ಕೆ ಎಳೆಯುತ್ತದೆ. ಮ್ಯಾಗ್ನಸ್ ಪರಿಣಾಮ ಅಂದರೆ ಇದೇ. ಹೈ ಸ್ಪೀಡ್ ಕ್ಯಾಮೆರಾದಲ್ಲಿ ಎಣಿಸಿದಾಗ ನಡಾಲ್ ಫೋರ್‌ಹ್ಯಾಂಡಿನಲ್ಲಿ ಬಾಲ್ ಸರಾಸರಿ ನಿಮಿಷಕ್ಕೆ ಸುಮಾರು 3,200 ಸುತ್ತು ತಿರುಗುತ್ತಿತ್ತು. ಹಿಂದಿನ ಚಾಂಪಿಯನ್‌ಗಳಾದ ಸಾಂಪ್ರಾಸ್, ಅಗಾಸಿ ಅವರದ್ದು 1,800ರ ಆಸುಪಾಸು. ನಡಾಲ್ ಅಷ್ಟು ಮೇಲೆ ಹೊಡೆದೂ ಒಳಗೆ ಬೀಳಿಸುತ್ತಿದ್ದದ್ದು ಹೀಗೆ.

ನಿಮ್ಮ ನಿಜವಾದ ತಪ್ಪು ವಿಡಿಯೋದ 14ನೇ ಸೆಕೆಂಡಿನಲ್ಲಿದೆ. ನಿಲ್ಲಿಸಿ ನೋಡಿ. ಬಾಲ್ ತಾಗುವ ಹೊತ್ತಿಗೆ ರ‍್ಯಾಕೆಟ್ಟಿನ ಮುಖ ನೆಲ ನೋಡುತ್ತಿದೆ. ಮಣಿಕಟ್ಟನ್ನು ಬಾಲ್ ಮೇಲೆ ಮಗುಚುತ್ತಿದ್ದೀರಿ, ದೋಸೆ ಮಗುಚಿದ ಹಾಗೆ. ನಾನು ಚಿಕ್ಕವನಿದ್ದಾಗ ನನಗೂ ಒಬ್ಬರು ಹೀಗೇ ಕಲಿಸಿದ್ದರು. ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ಬಾಲ್ ಸ್ಟ್ರಿಂಗ್ ಮೇಲೆ ಇರುವುದು ಒಂದು ಸೆಕೆಂಡಿನ ಸಾವಿರದಲ್ಲಿ ನಾಲ್ಕೈದು ಪಾಲು ಮಾತ್ರ. ಅಷ್ಟರಲ್ಲಿ ಯಾರೂ ಅದರ ಮೇಲೆ ಏನನ್ನೂ ಮಗುಚಲಾರರು. ಮಣಿಕಟ್ಟು ತಿರುಗುವುದು ನಿಮಗೆ ಕಾಣುವ ಹೊತ್ತಿಗೆ ಬಾಲ್ ಹೊರಟು ಹೋಗಿರುತ್ತದೆ.

ಸ್ಪಿನ್ ಬರುವುದು ರ‍್ಯಾಕೆಟ್ ಕೆಳಗಿನಿಂದ ಮೇಲಕ್ಕೆ ಬರುವ ದಾರಿಯಿಂದ. ತಾಗುವಾಗ ಮುಖ ಹೆಚ್ಚು ಕಮ್ಮಿ ನೆಟ್ಟಗೇ ಇರಬೇಕು, ಗೋಡೆಗೆ ಅಂಗೈ ಒತ್ತಿದ ಹಾಗೆ. ಮುಂದಿನ ಕಾಲಿಗಿಂತ ಸ್ವಲ್ಪ ಮುಂದೆ ಬಾಲ್ ಸಿಗಬೇಕು. ಅದಕ್ಕೆ ಮೊದಲು ರ‍್ಯಾಕೆಟ್ಟಿನ ತಲೆ ಬಾಲಿಗಿಂತ ಕೆಳಗೆ ಇಳಿದಿರಬೇಕು. ಸೊಂಟದ ಎತ್ತರದ ಬಾಲಿಗೆ ಸುಮಾರು ಮಂಡಿಯವರೆಗೆ. ನೀವು ಇಳಿಸುತ್ತಲೇ ಇಲ್ಲ, ಯಾಕೆಂದರೆ ಮಂಡಿ ಬಗ್ಗುತ್ತಿಲ್ಲ, ಹಿಡಿತವೂ ಬಿಗಿ. ಗ್ರಿಪ್ ಸಡಿಲ ಬಿಟ್ಟರೆ ತಲೆ ತಾನಾಗಿಯೇ ಜೋತು ಬೀಳುತ್ತದೆ. ಸರಿಯಾದಾಗ ಶಬ್ದ ಬೇರೆ. "ಟಪ್" ಅನ್ನುವುದಿಲ್ಲ, "ಸರ್ರಕ್" ಅಂತ ಉಜ್ಜಿದ ಹಾಗೆ ಕೇಳಿಸುತ್ತದೆ.

ಮನೆಗೆಲಸ: ನೆಟ್ ಕಂಬಗಳಿಗೆ ಎರಡು ಬಿದಿರು ಗಳ ಕಟ್ಟಿ. ಬಟ್ಟೆ ಒಣಗಿಸುವ ನೈಲಾನ್ ಹಗ್ಗವನ್ನು ನೆಲದಿಂದ ಆರು ಅಡಿ ಎತ್ತರಕ್ಕೆ ಎಳೆದು ಕಟ್ಟಿ. ನೆಟ್ ಮಧ್ಯದಲ್ಲಿ ಮೂರು ಅಡಿ ಇರುತ್ತದೆ, ಹಾಗಾಗಿ ಹಗ್ಗ ಅದರ ಮೇಲೆ ಇನ್ನೂ ಮೂರು ಅಡಿ. ಮಾರ್ಕರ್‌ಗೆ (ಕ್ಲಬ್ಬಿನಲ್ಲಿ ಸದಸ್ಯರ ಜೊತೆ ಆಡಲು ಇರುವ ಹುಡುಗ) ನಿಧಾನವಾಗಿ ಬಾಲ್ ಕೊಡಲು ಹೇಳಿ. ಕ್ರಾಸ್ ಕೋರ್ಟ್ ಮಾತ್ರ ಹೊಡೆಯಿರಿ. ಮೂಲೆಯಿಂದ ಮೂಲೆಗೆ ನಾಲ್ಕು ಅಡಿಗೂ ಜಾಸ್ತಿ ಉದ್ದ ಸಿಗುತ್ತದೆ, ನೆಟ್ ತಗ್ಗಿರುವ ಜಾಗದ ಮೇಲಿಂದಲೂ ಹೋಗುತ್ತದೆ. ಪ್ರತಿ ಬಾಲ್ ಹಗ್ಗ ದಾಟಲೇಬೇಕು. ಹಗ್ಗ ದಾಟಿ ಔಟಾದರೆ ಹಗ್ಗ ತಗ್ಗಿಸಬೇಡಿ, ವೇಗವನ್ನೂ ತಗ್ಗಿಸಬೇಡಿ. ಇನ್ನಷ್ಟು ಕೆಳಗಿನಿಂದ ಬನ್ನಿ. ಮೂರು ವಾರ ಬಿಟ್ಟು ಮತ್ತೆ ವಿಡಿಯೋ ಹಾಕಿ.

ಬೇರೆ ಸದಸ್ಯರು

ಸರ್, ಇದೇ ವಿಷಯಕ್ಕೆ ಉಲ್ಟಾ ಸಮಸ್ಯೆ ನನ್ನದು. ಮಂಗಳೂರಿನಲ್ಲಿ ಹತ್ತು ವರ್ಷ ಆಡಿದವನು. ಕೆಲಸದ ಮೇಲೆ ಬೆಂಗಳೂರಿಗೆ ಬಂದು ನಾಲ್ಕು ತಿಂಗಳಾಯಿತು. ಅಲ್ಲಿ ಬೇಸ್‌ಲೈನ್ ಒಳಗೆ ಬೀಳುತ್ತಿದ್ದ ಅದೇ ಹೊಡೆತ ಇಲ್ಲಿ ಒಂದೆರಡು ಅಡಿ ಔಟ್. ರ‍್ಯಾಕೆಟ್ ಅದೇ, ಗಟ್ಟಿಂಗ್ (ಸ್ಟ್ರಿಂಗ್ ಬಿಗಿತ) ಅದೇ. ನನ್ನ ಕೈ ಕೆಟ್ಟಿತಾ?

ಕೋಚ್

ಕೈ ಕೆಟ್ಟಿಲ್ಲ, ಊರು ಎತ್ತರದಲ್ಲಿದೆ! ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಇಲ್ಲಿ ಗಾಳಿ ಕರಾವಳಿಗಿಂತ ನೂರಕ್ಕೆ ಎಂಟು ಹತ್ತರಷ್ಟು ತೆಳು. ವೃತ್ತಿಪರ ಆಟಗಾರರು ಮ್ಯಾಡ್ರಿಡ್‌ನಲ್ಲಿ ಬಾಲ್ ಹಾರುತ್ತದೆ ಅಂತ ಪ್ರತಿ ವರ್ಷ ಗೊಣಗುತ್ತಾರೆ. ಆ ಊರು ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ. ನಾವು ಅದಕ್ಕಿಂತ ಮೇಲಿದ್ದೇವೆ.

ತೆಳು ಗಾಳಿ ಮೂರು ಕಡೆಯಿಂದ ಹೊಡೆತ ಕೊಡುತ್ತದೆ. ಬಾಲನ್ನು ತಡೆಯುವುದು ಕಡಿಮೆ, ಹಾಗಾಗಿ ದೂರ ಹೋಗುತ್ತದೆ. ಸ್ಪಿನ್ ಹಿಡಿದು ಕೆಳಕ್ಕೆ ಎಳೆಯುವುದೂ ಕಡಿಮೆ, ಹಾಗಾಗಿ ಮಂಗಳೂರಿನಷ್ಟು ಬಾಗುವುದಿಲ್ಲ. ಜೊತೆಗೆ ಬಾಲಿನ ಒಳಗಿನ ಒತ್ತಡ ಅಷ್ಟೇ, ಹೊರಗಿನದು ಕಡಿಮೆ. ಅದಕ್ಕೆ ಹೊಸ ಡಬ್ಬಿಯ ಬಾಲ್ ಇಲ್ಲಿ ಕುಪ್ಪಳಿಸುತ್ತದೆ. ಎತ್ತರದ ಊರಿಗೆ ಅಂತಲೇ ಬೇರೆ ಬಾಲ್ ಇದೆ. ಆದರೆ ನಿಯಮದ ಪ್ರಕಾರ ಅದು 1,219 ಮೀಟರ್‌ಗಿಂತ ಮೇಲಿನ ಊರುಗಳಿಗೆ. ಬೆಂಗಳೂರು ಆ ಲೆಕ್ಕಕ್ಕೆ ಸೇರದೆ ನಡುವೆ ಸಿಕ್ಕಿಕೊಂಡಿದೆ.

ಮೊದಲು ಗಟ್ಟಿಂಗ್ ಒಂದೆರಡು ಪೌಂಡ್ ಬಿಗಿ ಮಾಡಿಸಿ. ಬಿಗಿಯಾದಷ್ಟೂ ಬಾಲ್ ಕಡಿಮೆ ಹಾರುತ್ತದೆ. ಗುರಿಯನ್ನು ಬೇಸ್‌ಲೈನಿಗಿಂತ ಐದಾರು ಅಡಿ ಒಳಗೆ ಇಟ್ಟುಕೊಳ್ಳಿ. ಹೊಡೆತವನ್ನು ಅರ್ಧಕ್ಕೆ ನಿಲ್ಲಿಸಿ ಬಾಲ್ ಒಳಗೆ ಇಡಲು ಮಾತ್ರ ಹೋಗಬೇಡಿ. ಕರಾವಳಿಯಿಂದ ಬಂದವರು ಮಾಡುವ ಮೊದಲ ತಪ್ಪು ಅದೇ. ಕೈ ನಿಂತರೆ ಸ್ಪಿನ್ನೂ ನಿಂತಿತು. ಆಮೇಲೆ ಮಂಗಳೂರಿಗೆ ರಜೆಗೆ ಹೋದಾಗ ನಿಮ್ಮ ಬಾಲ್ ಎಲ್ಲ ಸರ್ವಿಸ್ ಲೈನಿನಲ್ಲಿ ಬೀಳುತ್ತದೆ, ಆಗ ಮತ್ತೆ ಇದೇ ಗುಂಪಿಗೆ ಬಂದು ಕೇಳುತ್ತೀರಿ.

ಒಬ್ಬ ತಾಯಿ

ಮಗಳಿಗೆ 9 ವರ್ಷ. ಅವಳ ಫೋರ್‌ಹ್ಯಾಂಡ್ ಗ್ರಿಪ್ ಪೂರ್ತಿ ಕೆಳಗೆ ತಿರುಗಿದೆ, ವೆಸ್ಟರ್ನ್ ಅಂತಾರಲ್ಲ ಅದು. ಸ್ಪಿನ್ ಚೆನ್ನಾಗಿದೆ ಅಂತ ಎಲ್ಲರೂ ಹೊಗಳುತ್ತಾರೆ. ಆದರೆ ತಗ್ಗಿನ ಬಾಲ್ ಬಂದರೆ ನೆಟ್‌ಗೆ. ಸಂಜೆ ಮಣಿಕಟ್ಟು ನೋಯುತ್ತೆ ಅಂತಾಳೆ. ಗ್ರಿಪ್ ಬದಲಿಸಬೇಕಾ?

ಕೋಚ್

ಮೇಡಂ, ನೋವಿನ ವಿಷಯ ಮೊದಲು. ಬೆಳೆಯುವ ಮಕ್ಕಳ ಮಣಿಕಟ್ಟು ನೋವನ್ನು ಮುಲಾಮು ಹಚ್ಚಿ ಮುಂದೂಡಬೇಡಿ. ಮೂಳೆ ಡಾಕ್ಟರಿಗೆ ತೋರಿಸಿ, ಅಲ್ಲಿವರೆಗೆ ರ‍್ಯಾಕೆಟ್ ಕೆಳಗಿಡಲಿ.

ಗ್ರಿಪ್ ಹಾಗಾಗಿದ್ದು ಅವಳ ತಪ್ಪಲ್ಲ. ಯಾವ ಬಾಲಿನಲ್ಲಿ ಆಡಿಸುತ್ತಿದ್ದಾರೆ ಕೇಳಿ. ಬಹುಶಃ ದೊಡ್ಡವರ ಹಳದಿ ಬಾಲ್. ಅದು ಪುಟಿದು ಅವಳ ಭುಜದ ಮೇಲೆ ಬರುತ್ತದೆ. ಅಷ್ಟು ಎತ್ತರದ ಬಾಲನ್ನು ಹೊಡೆಯಲು ಮಗು ತಾನೇ ದಾರಿ ಹುಡುಕಿಕೊಳ್ಳುತ್ತದೆ, ಕೈ ಕೆಳಗೆ ತಿರುಗುತ್ತದೆ. ಮಕ್ಕಳಿಗೆ ಕೆಂಪು, ಕಿತ್ತಳೆ, ಹಸಿರು ಬಾಲ್ ಮಾಡಿರುವುದೇ ಇದಕ್ಕೆ. ಹಸಿರು ಚುಕ್ಕೆಯ ಬಾಲ್ ಹಳದಿಗಿಂತ ನೂರಕ್ಕೆ 25ರಷ್ಟು, ಕಿತ್ತಳೆ 50ರಷ್ಟು ನಿಧಾನ. ಡಾಕ್ಟರ್ ಆಡಬಹುದು ಅಂದ ಮೇಲೆ ಕೆಲವು ತಿಂಗಳು ಕಿತ್ತಳೆ ಅಥವಾ ಹಸಿರು ಬಾಲಿನಲ್ಲಿ ಆಡಿಸಿ. ಬಾಲ್ ಸೊಂಟಕ್ಕೆ ಸಿಕ್ಕರೆ ಗ್ರಿಪ್ ಮೇಲಕ್ಕೆ ತರುವುದು ಸುಲಭ. ಭುಜದ ಎತ್ತರದ ಬಾಲ್ ಕೊಡುತ್ತಾ "ಗ್ರಿಪ್ ಬದಲಿಸು" ಅಂತ ಕೂಗಿದರೆ ಅಳುತ್ತಾಳೆ ಅಷ್ಟೆ.

ಮೈಸೂರಿನ ಹಿರಿಯ ಸದಸ್ಯರು

ನನಗೆ 61. ಡಬಲ್ಸ್ ಮಾತ್ರ ಆಡುತ್ತೇನೆ, ಮಣ್ಣಿನ ಕೋರ್ಟು. ಬ್ಯಾಕ್‌ಹ್ಯಾಂಡ್ ಸ್ಲೈಸ್ (ಬಾಲ್ ಹಿಂದಕ್ಕೆ ತಿರುಗುವ ಹಾಗೆ ಮೇಲಿಂದ ಹೊಡೆಯುವುದು) ಗಾಳಿಪಟದ ಹಾಗೆ ತೇಲುತ್ತದೆ. ನೆಟ್‌ನಲ್ಲಿ ನಿಂತವನು ಬಾಲ್ ಪುಟಿಯುವ ಮೊದಲೇ ಆರಾಮವಾಗಿ ವಾಲಿ ಹೊಡೆಯುತ್ತಾನೆ. ಈ ವಯಸ್ಸಿಗೆ ಟಾಪ್‌ಸ್ಪಿನ್ ಕಲಿಯಬೇಕಾ?

ಕೋಚ್

ನಮಸ್ಕಾರ ಸರ್. ಬೇಡ, ಸ್ಲೈಸನ್ನೇ ರಿಪೇರಿ ಮಾಡೋಣ. ವಯಸ್ಸಿನ ಮಾತು ಬಿಡಿ, ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ 43 ವರ್ಷ. (ನಿಮಗೆ ಅವರೂ ಹುಡುಗನೇ, ಗೊತ್ತು.)

ಸ್ಲೈಸ್‌ನಲ್ಲಿ ಒಂದು ಅನುಕೂಲ ಇದೆ. ಎದುರಿನಿಂದ ಬಂದ ಬಾಲ್ ಪುಟಿದ ಮೇಲೆ ಒಂದು ದಿಕ್ಕಿಗೆ ತಿರುಗುತ್ತಿರುತ್ತದೆ. ಟಾಪ್‌ಸ್ಪಿನ್ ಕೊಡಬೇಕಾದರೆ ಅದನ್ನು ನಿಲ್ಲಿಸಿ ಉಲ್ಟಾ ತಿರುಗಿಸಬೇಕು. ಸ್ಲೈಸಿಗೆ ಅದೇ ದಿಕ್ಕಿನಲ್ಲಿ ಮುಂದುವರಿಸಿದರೆ ಸಾಕು. ಅದಕ್ಕೇ ಕಡಿಮೆ ಶಕ್ತಿ ಸಾಕಾಗುತ್ತದೆ.

ತೇಲುವುದು ಯಾಕೆ? ನೀವು ಸೌತೆಕಾಯಿ ಕೊಚ್ಚಿದ ಹಾಗೆ ಮೇಲಿಂದ ಕೆಳಕ್ಕೆ ಕೊಚ್ಚುತ್ತಿರಬಹುದು, ರ‍್ಯಾಕೆಟ್ಟಿನ ಮುಖವೂ ಆಕಾಶ ನೋಡುತ್ತಿರಬಹುದು. ಮೇಲಿಂದ ಶುರು ಮಾಡಿ, ಆದರೆ ಇಳಿಯುವುದಕ್ಕಿಂತ ಮುಂದಕ್ಕೆ ಹೋಗುವುದು ಜಾಸ್ತಿ ಇರಲಿ. ಬಾಲಿನ ಬೆನ್ನಿಗೆ ಹೊಡೆಯಿರಿ, ಹೊಟ್ಟೆಗಲ್ಲ. ಹೊಡೆಯುವಾಗ ಎಡಗೈ ಹಿಂದಕ್ಕೆ ಚಾಚಿ, ಎದೆ ಪಕ್ಕಕ್ಕೇ ಇರಲಿ. ಎದೆ ತಿರುಗಿತು ಅಂದರೆ ಮುಖ ತೆರೆದುಕೊಂಡಿತು. ಮಣ್ಣಿನ ಕೋರ್ಟಿನಲ್ಲಿ ಒಳ್ಳೆ ಸ್ಲೈಸ್ ಮಂಡಿಗಿಂತ ಮೇಲೆ ಏಳುವುದೇ ಇಲ್ಲ. ಆಮೇಲೆ ಬಗ್ಗಲಿ ಅವರು.

ಇನ್ನೊಬ್ಬ ಸದಸ್ಯರು

ಸ್ಪಿನ್ ಬೇಕಾದರೆ ಪಾಲಿಯೆಸ್ಟರ್ ಸ್ಟ್ರಿಂಗ್ ಹಾಕಿಸಿ, ಅರ್ಧ ಕೆಲಸ ಮುಗೀತು ಅಂತ ನಮ್ಮ ಕ್ಲಬ್ಬಿನಲ್ಲಿ ಹೇಳ್ತಾರೆ. ನಿಜಾನಾ?

ಕೋಚ್

ಜೋರಾಗಿ ಬೀಸುವವರಿಗೆ ನಿಜ. ಪಾಲಿ ನುಣುಪು. ಉದ್ದದ ಎಳೆಗಳು ಪಕ್ಕಕ್ಕೆ ಜಾರಿ ಚಟ್ ಅಂತ ವಾಪಸ್ ಬರುತ್ತವೆ, ಬಾಲಿಗೆ ಹೆಚ್ಚುವರಿ ಸುತ್ತು ಸಿಗುತ್ತದೆ. 1997ರಲ್ಲಿ ಬ್ರೆಜಿಲ್‌ನ ಕುಯೆರ್ಟೆನ್ ಪಾಲಿ ಹಾಕಿಕೊಂಡು ಫ್ರೆಂಚ್ ಓಪನ್ ಗೆದ್ದ ಮೇಲೆ ಎಲ್ಲರ ಕಣ್ಣು ಅದರ ಮೇಲೆ ಬಿತ್ತು. ಆದರೆ ನಿಧಾನ ಬೀಸುವವರಿಗೆ ಆ ಎಳೆ ಅಷ್ಟು ಜಾರುವುದೂ ಇಲ್ಲ. ಸಿಗುವುದು ಮೊಣಕೈ ನೋವು ಮಾತ್ರ. ವಾರಕ್ಕೆ ಎರಡು ದಿನ ಆಡುವವರಿಗೆ ಸಣ್ಣ ಎಳೆಗಳನ್ನು ಸೇರಿಸಿ ಮಾಡಿದ ಮೆತ್ತನೆಯ ಮಲ್ಟಿಫಿಲಮೆಂಟ್ ಸ್ಟ್ರಿಂಗ್ ಸಾಕು.

ಸುಮ್ನೆ ಒಂದು ಕೆಲಸ ಮಾಡಿ. ಆಡಿ ಬಂದ ಮೇಲೆ ನಿಮ್ಮ ಸ್ಟ್ರಿಂಗ್ ನೋಡಿ. ಬಾಲಿನ ಹಳದಿ ನೂಲು ಎಲ್ಲಿ ಅಂಟಿದೆ? ಮಧ್ಯದಲ್ಲಿದ್ದರೆ ಸರಿ. ತುದಿಯ ಕಡೆ ಇದ್ದರೆ ನೀವು ತಡವಾಗಿ, ಕೈ ಚಾಚಿ ಹೊಡೆಯುತ್ತಿದ್ದೀರಿ ಅಂತ ಅನುಮಾನಪಡಬಹುದು. ಅದನ್ನು ಯಾವ ಸ್ಟ್ರಿಂಗೂ ಸರಿ ಮಾಡುವುದಿಲ್ಲ.

ಜಯನಗರದ ಸದಸ್ಯರು, ಮೂರು ವಾರದ ನಂತರ

ಸರ್, ಹೊಸ ವಿಡಿಯೋ ಹಾಕಿದ್ದೇನೆ. ಮೊದಲ ವಾರ ಒಂದೂ ಒಳಗೆ ಬೀಳಲಿಲ್ಲ, ಬಿಟ್ಟುಬಿಡೋಣ ಅನ್ನಿಸಿತ್ತು. ಈಗ ಹತ್ತರಲ್ಲಿ ಆರು ಸರ್ವಿಸ್ ಲೈನ್ ದಾಟುತ್ತಿವೆ. ನೀವು ಹೇಳಿದ "ಸರ್ರಕ್" ಶಬ್ದ ಬಂತು ಸರ್! ಆದರೆ ಮ್ಯಾಚ್ ಆಡುವಾಗ ಮತ್ತೆ ನೆಟ್ ಸವರುತ್ತೇನೆ. ಇನ್ನೊಂದು ತೊಂದರೆ, ಹಗ್ಗ ಕಟ್ಟಿದ್ದಕ್ಕೆ ಬೆಳಗಿನ ಡಬಲ್ಸ್ ಬಳಗದವರು ಬೈದು ಬಿಚ್ಚಿಸಿದರು.

ಕೋಚ್

ನೋಡಿದೆ. ರ‍್ಯಾಕೆಟ್ ಈಗ ಇಳಿಯುತ್ತಿದೆ. ಮುಖವೂ ನೆಟ್ಟಗಿದೆ. ಎಡಗಾಲು ಇನ್ನೂ ತಡ, ಅದನ್ನು ಆಮೇಲೆ ನೋಡೋಣ. ಮ್ಯಾಚ್‌ನಲ್ಲಿ ಹೆದರಿಕೆ ಬಂದಾಗ ಕೈ ಮೊದಲು ನಿಲ್ಲುತ್ತದೆ, ಎಲ್ಲರಿಗೂ ಹಾಗೇ. ಪಾಯಿಂಟ್ ಲೆಕ್ಕ ಇಡದೆ ಒಂದು ಸೆಟ್ ಆಡಿ. ನೆಟ್‌ಗೆ ಹೊಡೆದರೆ ಎರಡು ಮೈನಸ್, ಔಟ್ ಹೊಡೆದರೆ ಒಂದೇ ಮೈನಸ್ ಅಂತ ಇಟ್ಟುಕೊಳ್ಳಿ.

ಹಗ್ಗ ಹೋದರೆ ಹೋಗಲಿ. ಮಾರ್ಕರ್ ಜೊತೆ ಇನ್ನೊಬ್ಬ ಹುಡುಗನನ್ನು ಕರೆದು ನೆಟ್ ಕಂಬದ ಹೊರಗೆ ನಿಲ್ಲಿಸಿ. ಅವನು ನೆಟ್ ಪಟ್ಟಿಯ ಮಟ್ಟದಿಂದ ರ‍್ಯಾಕೆಟ್ಟನ್ನು ನೆಟ್ಟಗೆ ಎತ್ತಿ ಹಿಡಿಯಲಿ. ರ‍್ಯಾಕೆಟ್ ಉದ್ದ 27 ಇಂಚು. ಅದರ ತುದಿಗಿಂತ ಇನ್ನೊಂದು ಅಡಿ ಮೇಲೆ ಹೋದರೆ ಅವನು "ಹ್ಞೂಂ" ಅನ್ನಲಿ. ಇಲ್ಲದಿದ್ದರೆ ಸುಮ್ಮನಿರಲಿ. ಟೀ ಕಾಫಿ ಖರ್ಚು ನಿಮ್ಮದು.