ಲಾರಿ ಗೇಟ್ ಎಂಟ್ರಿ ಆಟೋಮ್ಯಾಟಿಕ್ ಮಾಡಿಸಿದವ್ರು ಇದ್ರೆ ನಿಮ್ಮ ಅನುಭವ ಹೇಳಿ

ಗೇಟ್‌ಪಾಸ್: ಎಲ್ರಿಗೂ ನಮಸ್ಕಾರ. ನಮ್ದು ಒಂದೇ ಗೇಟಿನ ವೇರ್‌ಹೌಸ್, 14 ಡಾಕ್ (ಲಾರಿ ನಿಲ್ಸಿ ಮಾಲು ಹತ್ತಿಸಿ ಇಳಿಸೋ ಜಾಗ). ಬೆಳಗ್ಗೆ ರಶ್ ಟೈಮಲ್ಲಿ ಗಂಟೆಗೆ 15 ಲಾರಿ ಬರತ್ತೆ, ಒಂದೊಂದಕ್ಕೂ ಕಮ್ಮಿ ಅಂದ್ರೂ 6 ನಿಮಿಷ ಹಿಡಿಯತ್ತೆ. ಸೆಕ್ಯುರಿಟಿಯವ್ರು ಗಾಡಿ ನಂಬರ್, ಲೈಸೆನ್ಸ್, ಇನ್‌ವಾಯ್ಸ್, ಸೀಲ್ (ಮಾಲಿನ ಬಾಗಿಲು ತೆಗೆದಿಲ್ಲ ಅಂತ ತೋರ್ಸೋಕೆ ಹಾಕೋ ಮುದ್ರೆ) ನಂಬರ್ ಎಲ್ಲಾ ರಿಜಿಸ್ಟರ್‌ಗೆ ಕೈಯಲ್ಲೇ ಬರ್ದು ಆಮೇಲೆ ಒಳಗೆ ಫೋನ್ ಮಾಡಿ ಈ ಗಾಡಿ ಬಿಡ್ಲಾ ಅಂತ ಕೇಳಿ, ಆ ಕಡೆಯವ್ರು ಫೋನ್ ಎತ್ತಿದ್ರೆ ಬೂಮ್ (ಗೇಟಿನ ಅಡ್ಡಕಂಬಿ) ಎತ್ತೋದು. ಸಾಲು ರೋಡಿಗೆ ಬಂದು ನಿಲ್ಲತ್ತೆ. ಈಗ ಒಬ್ರು ವೆಂಡರ್ ಬಂದು ಕ್ಯಾಮೆರಾ, ಕಿಯೋಸ್ಕ್ (ಡ್ರೈವರೇ ವಿವರ ಹಾಕೋ ಸ್ಕ್ರೀನ್ ಮಷೀನು), ಆಟೋಮ್ಯಾಟಿಕ್ ಬೂಮ್ ಹಾಕ್ಕೊಡ್ತೀವಿ, ಗೇಟಲ್ಲಿ ಜನಾನೇ ಬೇಡ ಅಂತಿದಾರೆ. ನಂಬ್ಬಹುದಾ? ಹಾಕ್ಸಿರೋರು ಏನೇನು ಅನುಭವಿಸಿದ್ರಿ ಹೇಳಿ.

ಯಾರ್ಡ್ ಮೇಸ್ತ್ರಿ: ಮೊದ್ಲು ಲೆಕ್ಕ ನೋಡಿ ಸಾರ್. 15 ಲಾರಿ, 6 ನಿಮಿಷ, ಅಂದ್ರೆ 60 ನಿಮಿಷದಲ್ಲಿ 90 ನಿಮಿಷದ ಕೆಲ್ಸ. ನಿಮ್ಮ ಸೆಕ್ಯುರಿಟಿಯವ್ರು ದೇವ್ರೇ ಆಗಿದ್ರೂ ಸಾಲು ಬೆಳೀಲೇಬೇಕು. 3 ನಿಮಿಷಕ್ಕೆ ಇಳಿಸಿದ್ರೆ 45 ನಿಮಿಷದ ಕೆಲ್ಸ, ಸಾಲು ತಾನಾಗೇ ಕರಗತ್ತೆ, ಒಂದೇಸಲ ನಾಲ್ಕೈದು ಗಾಡಿ ಬಂದಾಗ ಮಾತ್ರ ಸ್ವಲ್ಪ ನಿಲ್ಲತ್ತೆ. ಆದ್ರೆ ಆ 3 ನಿಮಿಷ ಉಳಿಸೋದು ಕ್ಯಾಮೆರಾ ಅಲ್ಲ. ನಾವೂ ಮೊದ್ಲು ಕ್ಯಾಮೆರಾನೇ ಹಾಕ್ಸಿದ್ವಿ, ನಂಬರ್ ಪ್ಲೇಟ್ ಒಂದು ಸೆಕೆಂಡಲ್ಲಿ ಓದ್ತಿತ್ತು, ಓದಿ ಸುಮ್ನೆ ನಿಂತ್ಕೋತಿತ್ತು ಯಾಕಂದ್ರೆ ಆ ಗಾಡಿ ಇವತ್ತು ಬರಬೇಕು, ಯಾವ ಆರ್ಡರಿಂದು, ಯಾವ ಡಾಕ್‌ಗೆ ಹೋಗ್ಬೇಕು ಅನ್ನೋದೇ ಸಿಸ್ಟಂನಲ್ಲಿ ಇರ್ಲಿಲ್ಲ. ಮತ್ತೆ ಫೋನು. ಆಮೇಲೆ ಡಾಕ್ ಅಪಾಯಿಂಟ್‌ಮೆಂಟ್ ಶುರು ಮಾಡಿ, ಗಾಡಿ ಹೊರಡೋ ಮುಂಚೆನೇ ಟ್ರಾನ್ಸ್‌ಪೋರ್ಟರು ಗಾಡಿ ನಂಬರು, ಡ್ರೈವರ್ ಫೋನ್ ನಂಬರು, ಸೀಲ್ ನಂಬರು ಹಾಕ್ಬೇಕು ಅಂತ ರೂಲ್ ಮಾಡಿದ್ಮೇಲೇನೇ ವ್ಯತ್ಯಾಸ ಗೊತ್ತಾಗಿದ್ದು. ಒಂದೆರಡು ದಿನ ವಾಚ್ ಹಿಡ್ಕೊಂಡು ಗೇಟಲ್ಲಿ ಕೂತ್ಕೊಳ್ಳಿ, ಬರೆಯೋದಕ್ಕೆ ಎಷ್ಟು ಹೋಗತ್ತೆ, ಫೋನಿಗೆ ಎಷ್ಟು ಹೋಗತ್ತೆ ಬೇರೆ ಬೇರೆ ಬರ್ಕೊಳ್ಳಿ. ವೆಂಡರ್ ಹತ್ರ ಮಾತು ಅದಾದ್ಮೇಲೆ.

ಕೇಬಲ್ ಎಳೆಯೋನು: ಕ್ಯಾಮೆರಾ ಬಗ್ಗೆ ನಂದೆರಡು ಮಾತು, ನಾನು ಇದನ್ನೇ ಫಿಟ್ ಮಾಡೋನು. ಡೆಮೊದಲ್ಲಿ ತೋರ್ಸೋದು ನೆಟ್ಟಗೆ ಬರೋ ತೊಳೆದಿಟ್ಟ ಗಾಡಿ. ನಿಮ್ಮ ಗೇಟಿಗೆ ಬರೋದು ಕೆಸರು ಮೆತ್ಕೊಂಡಿರೋ ಪ್ಲೇಟು. ಗೇಟಿನ ಮುಂದೇನೇ ತಿರುವು ಇದ್ರೆ ಲಾರಿ ಓರೆಯಾಗಿ ಬರತ್ತೆ, ಆಗ ಅಕ್ಷರ ಎಲ್ಲಾ ಒಂದಕ್ಕೊಂದು ಅಂಟ್ಕೊಂಡ ಹಾಗೆ ಕಾಣತ್ತೆ, ಆದಷ್ಟು ಗಾಡಿ ನೇರ ಆಗೋ ಜಾಗದಲ್ಲೇ ಕಂಬ ನೆಡ್ಸಿ. ರಾತ್ರಿಗೆ ಇನ್‌ಫ್ರಾರೆಡ್ ಲೈಟ್ ಇರೋ ಕ್ಯಾಮೆರಾನೇ ಬೇಕು, ಇಲ್ದಿದ್ರೆ ಹೆಡ್‌ಲೈಟ್ ಹೊಡೆತಕ್ಕೆ ಪ್ಲೇಟು ಬರೀ ಬೆಳಕಿನ ಉಂಡೆ. ಇನ್ನೊಂದು, ಮುಂದೆ ಎಳೆಯೋ ಹಾರ್ಸ್ ಬೇರೆ, ಹಿಂದಿನ ಟ್ರೇಲರ್ ಬೇರೆ, ಎರಡಕ್ಕೂ ಬೇರೆ ಬೇರೆ ನಂಬರ್ ಇದ್ರೆ ಹಿಂದೆನೂ ಒಂದು ಕ್ಯಾಮೆರಾ ಬೇಕು, ಒಂದೇ ಹಾಕಿದ್ರೆ ಯಾವ ಟ್ರೇಲರ್ ಒಳಗೆ ಬಂತು ಯಾವ್ದು ಹೊರಗೆ ಹೋಯ್ತು ಅನ್ನೋದು ತಪ್ಪಿಹೋಗತ್ತೆ.

ಕಂಟೈನರ್ ಬರೋದಾದ್ರೆ ಅದ್ರ ನಂಬರ್ ಓದಿಸೋದು ಒಂದು ರೀತಿ ಸುಲಭ. ಐಎಸ್‌ಓ 6346 ಅನ್ನೋ ಕಂಟೈನರ್ ನಂಬರಿನ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 4 ಅಕ್ಷರ, 6 ಅಂಕಿ, ಕೊನೇಲಿ ಒಂದು ಚೆಕ್ ಡಿಜಿಟ್. ಆ ಕೊನೇ ಅಂಕಿ ಮೊದಲ ಹತ್ತರಿಂದ ಲೆಕ್ಕ ಹಾಕಿ ಬರೋದು, ಹಾಗಾಗಿ ಕ್ಯಾಮೆರಾ 3ನ 8 ಅಂತ ಓದಿದ್ರೆ ಸಾಮಾನ್ಯವಾಗಿ ಲೆಕ್ಕ ತಾಳೆ ಆಗಲ್ಲ, ಅಲ್ಲೇ ಸಿಕ್ಕಿಬೀಳತ್ತೆ. ಗಾಡಿ ಪ್ಲೇಟಿಗೆ ಈ ಭಾಗ್ಯ ಇಲ್ಲ, ಬಂದಿರೋ ನಂಬರನ್ನ ಅವತ್ತಿನ ಅಪಾಯಿಂಟ್‌ಮೆಂಟ್ ಲಿಸ್ಟ್ ಜೊತೆ ಹೋಲಿಸಿ ಒಂದಕ್ಷರ ಹೆಚ್ಚುಕಮ್ಮಿ ಇದ್ರೆ ಮನುಷ್ಯರಿಗೆ ತೋರ್ಸೋ ಹಾಗೆ ಮಾಡ್ಸಿ.

ಮುರಿದ ಬೂಮ್: ನಮ್ಮ ಕಥೆ ಕೇಳಿ. ಆಟೋಮ್ಯಾಟಿಕ್ ಬೂಮ್ ಹಾಕ್ಸಿ ಎರಡನೇ ವಾರ, ಒಂದು ಉದ್ದದ ಟ್ರೇಲರ್ ಒಳಗೆ ಹೋಗ್ತಾ ಇದೆ, ಅರ್ಧ ಹೋಗಿತ್ತಷ್ಟೆ, ಬೂಮ್ ಸೀದಾ ಅದ್ರ ಮೇಲೆ ಇಳೀತು. ಟಾರ್ಪಾಲ್ ಹರೀತು, ಬೂಮ್ ಎರಡು ತುಂಡು, ಡ್ರೈವರ್ ಕೂಗಾಡೋಕೆ ಶುರು, ನಾನು ಹೋಗಿ ಕೈ ಮುಗಿಯೋದೊಂದು ಬಾಕಿ. ವೆಂಡರ್ ಡ್ರೈವರಿನ ತಪ್ಪು ಅಂದ. ಆಮೇಲೆ ಇನ್ನೊಬ್ರು ಬಂದು ನೋಡಿ ಹೇಳಿದ್ದು, ಮೇಲೆ ಗಾಡಿ ಇದ್ಯಾ ಅಂತ ಗುರುತಿಸೋಕೆ ನೆಲದೊಳಗೆ ಹೂತಿರೋ ಲೂಪ್ ವೈರು ಕಾರಿನ ಗೇಟಿಗೆ ಹಾಕೋ ಅಂಥದ್ದು ಅಂತ. ಲೂಪ್ ಎಷ್ಟು ಎತ್ತರದವರೆಗೆ ಹಿಡಿಯತ್ತೆ ಅನ್ನೋದು ಅದ್ರ ಅಗಲದ ಮೇಲೆ ನಿಂತಿದೆ, ಸುಮಾರಾಗಿ ಚಿಕ್ಕ ಬದಿಯ ಅರ್ಧದಿಂದ ಮೂರನೇ ಎರಡು ಭಾಗ. ಟ್ರೇಲರಿನ ಹೊಟ್ಟೆ ಅದಕ್ಕಿಂತ ಮೇಲಿರತ್ತೆ, ಮುಂದಿನ ಚಕ್ರ ದಾಟಿ ಹಿಂದಿನ ಚಕ್ರ ಬರೋ ತನಕ ಮೇಲೆ ಗಾಡಿ ಇದೆ ಅಂತಾನೇ ಲೂಪಿಗೆ ಗೊತ್ತಾಗಲ್ಲ, ಗಾಡಿ ಹೋಯ್ತು ಅನ್ಕೊಂಡು ಬೂಮ್ ಇಳ್ಸತ್ತೆ. ಈಗ ದೊಡ್ಡ ಲೂಪ್ ಹಾಕ್ಸಿ ಜೊತೆಗೆ ಪಕ್ಕದಿಂದ ಎರಡು ಎತ್ತರದಲ್ಲಿ ಫೋಟೋ ಸೆನ್ಸಾರ್ (ಬೆಳಕಿನ ಕಿರಣಕ್ಕೆ ಗಾಡಿ ಅಡ್ಡ ಬಂದ್ರೆ ಗುರುತಿಸೋದು) ಇಟ್ಟಿದೀವಿ, ಮೂರರಲ್ಲಿ ಯಾವ್ದೇ ಒಂದು ಗಾಡಿ ಇದೆ ಅಂದ್ರೂ ಬೂಮ್ ಇಳಿಯಲ್ಲ. ದಯವಿಟ್ಟು ನಿಮ್ಮಲ್ಲಿ ಬರೋ ಅತಿ ಉದ್ದದ, ಅತಿ ಎತ್ತರದ ಗಾಡೀನ ತಂದು ನಿಧಾನಕ್ಕೆ ಓಡ್ಸಿ, ಮಧ್ಯದಲ್ಲಿ ನಿಲ್ಸಿ, ಟೆಸ್ಟ್ ಮಾಡದೆ ಬಿಲ್ ಪಾಸ್ ಮಾಡ್ಬೇಡಿ.

ಸ್ಟೇರಿಂಗ್ ಹಿಡಿದವ: ನಾನು ಡ್ರೈವರ್ರು, ನಮ್ಮ ಕಡೆದೂ ಸ್ವಲ್ಪ ಕೇಳಿ ಅಣ್ಣ. ಕಿಯೋಸ್ಕ್ ಅಂತ ಹಾಕಿರ್ತಾರೆ, ಎತ್ತರ ನೋಡಿದ್ರೆ ಕಾರಿನೋರಿಗೆ. ಕ್ಯಾಬಿನ್ನಿಂದ ಇಳೀಬೇಕು, ಬಿಸ್ಲಿಗೆ ಸ್ಕ್ರೀನ್ ಕಾಣಲ್ಲ, ಕೈ ಅಡ್ಡ ಇಟ್ಟು ನೋಡ್ಬೇಕು, ಗ್ಲೌಸ್ ಹಾಕಿದ್ರೆ ಒತ್ತಿದ್ದು ತಗೊಳಲ್ಲ. 16 ಅಂಕಿ ಆರ್ಡರ್ ನಂಬರ್ ಟೈಪ್ ಮಾಡು ಅಂತದೆ, ಹದಿನೈದು ಹೊಡೆದ ಮೇಲೆ ಟೈಮ್ ಔಟ್! ಹಿಂದಿನೋನು ಹಾರ್ನ್ ಹೊಡೀತಿರ್ತಾನೆ. ಇನ್ನೊಂದು ಕಡೆ ಮೊದ್ಲೇ ಫೋನಿಗೆ ಕ್ಯೂಆರ್ ಕಳ್ಸಿದ್ರು, ಕಿಟಕಿಯಿಂದ ತೋರ್ಸಿದ್ರೆ ಸಾಕು ಡಾಕ್ ನಂಬರ್ ದೊಡ್ಡ ಬೋರ್ಡ್ ಮೇಲೆ ಬಂತು, ಅದು ಚೆನ್ನಾಗಿತ್ತು. ಆದ್ರೆ ಆ್ಯಪ್ ಹಾಕ್ಕೊಳ್ಳಿ ಅಂತ ಮಾತ್ರ ಹೇಳ್ಬೇಡಿ, ದಿನಕ್ಕೊಂದು ಗೋಡೌನ್ ನೋಡೋರು ನಾವು, ಎಷ್ಟು ಆ್ಯಪ್ ಇಟ್ಕೊಳ್ಳೋದು? ಭಾಷೆ ಆಯ್ಕೆ ಇಡಿ, ಚಿತ್ರ ಇಡಿ. ಫೋನ್ ಸತ್ತಿದ್ರೆ ಮಾತಾಡೋಕೆ ಒಂದು ಬಟನ್ ಇಡಿ, ಒತ್ತಿದ್ರೆ ಆ ಕಡೆ ಯಾರಾದ್ರೂ ಇರ್ಬೇಕು ಅಷ್ಟೆ.

ನೈಟ್ ಶಿಫ್ಟ್: ಜನಾನೇ ಬೇಡ ಅನ್ನೋ ಮಾತು ಒಪ್ಪಲ್ಲ. 11 ವರ್ಷದಿಂದ ಗೇಟ್ ಸೆಕ್ಯುರಿಟಿ ನೋಡ್ಕೊಳ್ತಿದೀನಿ. ಪ್ಲೇಟ್ ಓದೋ ಕ್ಯಾಮೆರಾಗೆ ಪ್ಲೇಟ್ ಮಾತ್ರ ಕಾಣತ್ತೆ, ಅದೇ ನಂಬರ್ ಬೇರೆ ಗಾಡಿಗೆ ಹಾಕ್ಕೊಂಡು ಬಂದ್ರೆ ಅದಕ್ಕೇನು ಗೊತ್ತು. ಮಾಲು ತಗೊಂಡು ಹೋಗೋಕೆ ಬರೋ ಗಾಡಿ ವಿಷ್ಯದಲ್ಲಿ ಇದೇ ದೊಡ್ಡ ಭಯ, ಕಾಗದ ಎಲ್ಲಾ ಸರಿಯಿರತ್ತೆ, ಬಂದೋನು ಮಾತ್ರ ಬೇರೆ. ನಾವು ಪಿಕಪ್ ಕೋಡ್ ಒಂದನ್ನ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಮಾತ್ರ, ನಮ್ಮಲ್ಲಿ ಮೊದ್ಲಿಂದ ಇರೋ ನಂಬರಿಗೇ ಕಳಿಸ್ತೀವಿ, ಡ್ರೈವರ್ ಕೊಟ್ಟ ನಂಬರಿಗೆ ಅಲ್ಲ. ಸೀಲನ್ನೂ ಬರೀ ಫೋಟೋದಲ್ಲಿ ನೋಡ್ಬೇಡಿ, ಕೈಯಲ್ಲಿ ಹಿಡಿದು ಎಳೆದು ತಿರುಗ್ಸಿ ನೋಡ್ಬೇಕು, ಕತ್ತರಿಸಿ ಗಮ್ ಹಾಕಿ ಅಂಟ್ಸಿದ ಬೋಲ್ಟ್ ಸೀಲ್ ಫೋಟೋದಲ್ಲಿ ಹೊಸದರ ಹಾಗೇ ಕಾಣತ್ತೆ. ಮತ್ತೆ ಮುಂದಿನ ಲಾರಿ ಬಾಲ ಹಿಡ್ಕೊಂಡು ಎರಡನೇ ಗಾಡಿ ನುಗ್ಗೋದು, ಅದಕ್ಕೆ ಹೊರಗಿನ ಬೂಮ್, ಒಳಗಿನ ಬೂಮ್ ಅಂತ ಎರಡು ಇದ್ದು ಒಂದು ಮುಚ್ಚಿದ್ಮೇಲೇ ಇನ್ನೊಂದು ತೆಗೀಬೇಕು, ಜಾಗ ಇದ್ರೆ ಮಾಡ್ಸಿ. ಬರೆಯೋ ಕೆಲ್ಸ ಮಷೀನಿಗೆ ಕೊಡಿ ಸಾರ್, ನೋಡೋ ಕೆಲ್ಸ ನಮಗೆ ಬಿಡಿ.

ಟ್ಯಾಗ್ ಪಾರ್ಟಿ: ದಿನಾ ಅವೇ ಗಾಡಿಗಳು ಬರೋದಾದ್ರೆ ಆರ್‌ಎಫ್‌ಐಡಿ ಟ್ಯಾಗ್ (ಗಾಡಿಗೆ ಅಂಟಿಸೋ, ರೇಡಿಯೋ ಅಲೆಯಿಂದ ಓದೋ ಚಿಪ್) ಕ್ಯಾಮೆರಾಕ್ಕಿಂತ ಉತ್ತಮ, ಕೆಸರು ಕತ್ತಲೆ ಯಾವ್ದೂ ಲೆಕ್ಕಕ್ಕಿಲ್ಲ. ಒಂದೇ ಕಾಟ, ರೀಡರ್ ಪವರ್ ಜಾಸ್ತಿ ಇಟ್ರೆ ಹಿಂದೆ ನಿಂತಿರೋ ಗಾಡಿ ಟ್ಯಾಗ್ ಮೊದ್ಲು ಓದಿ ಮುಂದಿನೋನಿಗೆ ಗೇಟ್ ತೆಗ್ದುಬಿಡತ್ತೆ. ಲೂಪ್ ಮೇಲೆ ಗಾಡಿ ಬಂದಾಗ ಮಾತ್ರ ಓದೋ ಹಾಗೆ ಸೆಟ್ ಮಾಡ್ಸಿ. ಆಮೇಲೆ ನೆಟ್ ಹೋದಾಗ, ಕರೆಂಟ್ ಹೋದಾಗ ಏನಾಗತ್ತೆ ಅಂತ ವೆಂಡರ್ ಕೈಲಿ ಬರೆಸ್ಕೊಳ್ಳಿ. ಅವತ್ತಿನ ಲಿಸ್ಟ್ ಗೇಟಿನ ಕಂಪ್ಯೂಟರಲ್ಲೇ ಒಂದು ಕಾಪಿ ಇರ್ಬೇಕು, ಬೂಮ್ ಕೈಯಲ್ಲಿ ಎತ್ತೋಕೆ ಬರ್ಬೇಕು, ಅದ್ರ ಕೀಲಿ ಎಲ್ಲಿದೆ ಅಂತ ರಾತ್ರಿಯವ್ರಿಗೂ ಗೊತ್ತಿರ್ಬೇಕು (ನಮ್ಮಲ್ಲಿ ಮ್ಯಾನೇಜರ್ ಮನೇಲಿತ್ತು).

ಗೇಟ್‌ಪಾಸ್: ಎಲ್ರಿಗೂ ಥ್ಯಾಂಕ್ಸ್. ಮೇಸ್ತ್ರಿಯವ್ರು ಹೇಳಿದ್ರು ಅಂತ ನಿನ್ನೆ ಇವತ್ತು ವಾಚ್ ಹಿಡ್ಕೊಂಡು ಕೂತಿದ್ದೆ, 40 ಗಾಡಿ ನೋಡ್ದೆ. ಬರೆಯೋಕೆ ಸರಾಸರಿ 2 ನಿಮಿಷ, ಸೀಲ್ ನೋಡೋಕೆ ಒಂದು, ಉಳಿದದ್ದೆಲ್ಲಾ ಒಳಗಿನವ್ರು ಫೋನ್ ಎತ್ತೋದನ್ನ ಕಾಯೋದೇ. ವೆಂಡರಿಗೆ ಸದ್ಯಕ್ಕೆ ತಡೀರಿ ಅಂದಿದೀನಿ. ಸೋಮವಾರದಿಂದ ನಾಲ್ಕು ದೊಡ್ಡ ಟ್ರಾನ್ಸ್‌ಪೋರ್ಟರ್ ಜೊತೆ ಅಪಾಯಿಂಟ್‌ಮೆಂಟ್ ಶುರು, ಗೇಟಿಗೊಂದು ಟ್ಯಾಬ್ ಮತ್ತು ಲಿಸ್ಟ್ ಅಷ್ಟೆ. @ಮುರಿದ ಬೂಮ್, ಆ ಫೋಟೋ ಸೆನ್ಸಾರ್ ಯಾವ್ಯಾವ ಎತ್ತರದಲ್ಲಿ ಇಟ್ರಿ ಅಂತ ಹೇಳ್ತೀರಾ?

ಮುರಿದ ಬೂಮ್: ಒಂದು ಚಕ್ರದ ನಡುಮಟ್ಟಕ್ಕೆ, ಇನ್ನೊಂದು ಟ್ರೇಲರಿನ ಬಾಡಿ ಅಡ್ಡ ಬರೋ ಹಾಗೆ. ಅಳತೆ ಕಾಪಿ ಮಾಡ್ಬೇಡಿ, ನಿಮ್ಮ ಗಾಡಿಗಳನ್ನ ನಿಲ್ಸಿ ಟೇಪ್ ಹಿಡೀರಿ.