ಗೊಂಡೆಯೋ ತೊಟ್ಟೋ: ಒಂದು ಕಡಲ ಹುಳುವಿಗೆ ಪದ ಬೇಕಿದೆ

ಗೆಳೆಯರೇ, ನಮಸ್ಕಾರ.

ಇಲ್ಲಿ ಮುಂಬಯಿಯಲ್ಲಿ ಕನ್ನಡ ಶಾಲೆಯ ಮಕ್ಕಳಿಗಾಗಿ ಕಡಲ ಜೀವಿಗಳ ಬಗ್ಗೆ ಸಣ್ಣ ಬರಹಗಳನ್ನು ಬರೆಯುತ್ತಿದ್ದೇನೆ. ಥೈಸನೋಜೂನ್ ನೈಗ್ರೋಪ್ಯಾಪಿಲ್ಲೋಸಮ್ ಎಂಬ ಚಪ್ಪಟೆ ಹುಳುವಿಗೆ ಬಂದಾಗ ಕೈ ನಿಂತಿತು. ಅಮೆರಿಕದ ಪ್ರಾಣಿಶಾಸ್ತ್ರಜ್ಞೆ ಲಿಬ್ಬಿ ಹೈಮನ್ 1959ರಲ್ಲಿ ಗುರುತಿಸಿ ವಿವರಿಸಿದ ಹುಳು ಇದು. ಮಾಲ್ಡೀವ್ಸ್, ಇಂಡೋನೇಷ್ಯಾ, ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್, ಇಲ್ಲೆಲ್ಲ ಹವಳದ ದಿಬ್ಬಗಳಲ್ಲಿ ಬಾಳುತ್ತದೆ. ವೀಳ್ಯದೆಲೆಯಂತೆ ತೆಳ್ಳಗಿನ ಮೈ, ಮಖಮಲ್ಲಿನ ಕಪ್ಪು, ಸುತ್ತ ಬಿಳಿ ಅಂಚು. ಅಂಚನ್ನು ಅಲೆಯಾಡಿಸುತ್ತಾ ಈಜುತ್ತದೆ. ಬೆನ್ನ ತುಂಬ ಪುಟ್ಟ ಉಬ್ಬುಗಳು, ತುದಿ ಮಾತ್ರ ಹಳದಿ.

ನನ್ನ ತೊಡಕು ಈ ಉಬ್ಬಿನದು. ಗ್ರೀಕಿನಲ್ಲಿ ಥೈಸನೋಸ್ ಅಂದರೆ ಕುಚ್ಚು, ಜೂನ್ ಅಂದರೆ ಪ್ರಾಣಿ. 'ಕುಚ್ಚು ಹುಳು' ಅಂತ ಬರೆದೂ ಆಗಿತ್ತು. ಪಕ್ಕದ ಮನೆಯ ಮರಾಠಿ ಅಜ್ಜಿ ಚಿತ್ರ ನೋಡಿ "ಗೋಂಡೇ ಆಹೇತ್" ಅಂದರು. ಅರೆ, ಈ ಪದ ನಮ್ಮಲ್ಲೂ ಇದೆ ಅಲ್ವಾ! ಪರದೆಯ ಅಂಚಿನ ದಾರದ ಗೊಂಚಲು ಗೊಂಡೆ. ಊರಲ್ಲಿ ಅಮ್ಮ ಚೆಂಡುಹೂವಿಗೂ ಗೊಂಡೆ ಹೂವು ಅನ್ನುತ್ತಿದ್ದರು. ಆ ಹಳದಿ ತುದಿ ನೆನೆದರೆ 'ಗೊಂಡೆ ಹುಳು' ನನಗೆ ತುಂಬಾ ಹಿಡಿಸಿತು. ಹುಳುವಿನ ಹೆಸರಿಗೆ ಇದೇ ಇರಲಿ ಅಂತ ನನ್ನ ಆಸೆ.

ಆದರೆ ಉಬ್ಬಿಗೇ ಗೊಂಡೆ ಅನ್ನಲು ಮನಸ್ಸು ಒಪ್ಪುತ್ತಿಲ್ಲ. ಗೊಂಡೆ ಸುಮ್ನೆ ಚೆಂದಕ್ಕೆ ಕಟ್ಟುವ ದಾರ. ಈ ಉಬ್ಬಿಗೆ ಕೆಲಸವಿದೆ. ಈ ಹುಳುವಿನ ಕರುಳು ಕವಲು ಕವಲಾಗಿ ಒಡೆದು ಮೈಯೆಲ್ಲ ಹರಡಿರುತ್ತದೆ. ಆ ಕವಲುಗಳು ಬೆನ್ನಿನ ಉಬ್ಬುಗಳ ಒಳಕ್ಕೂ ಹೋಗಿರುತ್ತವೆ. ರಕ್ತನಾಳಗಳಿಲ್ಲದ ಪ್ರಾಣಿ, ಹಾಗಾಗಿ ತಿಂದದ್ದು ಮೈಗೆಲ್ಲ ಮುಟ್ಟಬೇಕಾದರೆ ಈ ಕವಲುಗಳೇ ದಾರಿ. ಬಾಯಿ ಹೊಟ್ಟೆಯ ಕಡೆಗಿದೆ. ಗುದ ಇಲ್ಲ, ಉಳಿದದ್ದೂ ಬಾಯಿಂದಲೇ ಹೊರಗೆ.

ಉಬ್ಬಿಗೆ ವಿಜ್ಞಾನಿಗಳು ಹೇಳುವುದು ಪ್ಯಾಪಿಲ್ಲ. ಲ್ಯಾಟಿನ್ನಿನಲ್ಲಿ ಅದು ಮೊಲೆತೊಟ್ಟು. 'ಅಂಕುರ' ಅಂದರೆ ಮಕ್ಕಳು ಮೊಳಕೆ ಅಂದುಕೊಳ್ಳುತ್ತಾರೆ. 'ತೊಟ್ಟು' ಆಗಬಹುದೇ? ಕೆಚ್ಚಲಿನ ತೊಟ್ಟಿನೊಳಗೆ ಹಾಲು ಹರಿಯುತ್ತದೆ, ಇಲ್ಲಿ ಊಟ ಹರಿಯುತ್ತದೆ. ಹೋಲಿಕೆ ಚೆನ್ನಾಗಿ ಕೂರುತ್ತದೆ. ಆದರೆ ತೊಟ್ಟು ಅಂದೊಡನೆ ಜಾಸ್ತಿ ಜನಕ್ಕೆ ಹೂವಿನ, ಹಣ್ಣಿನ ತೊಟ್ಟೇ ಕಣ್ಣಿಗೆ ಬರುತ್ತದೆ ಎಂಬ ಅಳುಕಿದೆ.

ಹಲಸಿನ ಸಿಪ್ಪೆಯ ಮೇಲಿನ ಉಬ್ಬಿಗೆ ನಾವು ಮುಳ್ಳು ಅನ್ನುತ್ತೇವೆ. ನಿಮ್ಮ ಕಡೆ ಅದಕ್ಕೆ ಬೇರೆ ಮಾತಿದೆಯೇ? ದನದ ನಾಲಗೆಯ ಒರಟು ಉಬ್ಬಿಗೆ? ಕರಾವಳಿಯವರೂ ಧಾರವಾಡದ ಕಡೆಯವರೂ ದಯವಿಟ್ಟು ಬರೆಯಿರಿ.