‘ಫ್ಲೈ’ ಎಂದರೆ ನೊಣವಲ್ಲ: ಗರಿಗಾಳ, ಬೀಸು, ಕಡಲಹಾಸು – ನಿಮ್ಮ ಅಭಿಪ್ರಾಯ ಬೇಕು

ಮಾನ್ಯರೇ,

ಸೇಶೆಲ್ಸ್‌ನ ಅಲ್ಫಾನ್ಸ್ ಮತ್ತು ಸೇಂಟ್ ಫ್ರಾಂಸ್ವಾ ಹವಳದ್ವೀಪಗಳಲ್ಲಿ ಮೊಣಕಾಲುದ್ದದ ಉಪ್ಪುನೀರಿನಲ್ಲಿ ನಡೆಯುತ್ತ ಗಾಳದಿಂದ ಮೀನು ಹಿಡಿಯುವವರ ಬಗೆಗಿನ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯಾದಗಿರಿಯಲ್ಲಿ ಭೀಮಾನದಿಯ ದಂಡೆಯಲ್ಲೇ ಬೆಳೆದ ನನಗೆ ಗಾಳ, ಬಲೆ, ಹರಗೋಲುಗಳ ಮಾತು ಹೊಸದಲ್ಲ. ಆದರೂ ‘ಫ್ಲೈ’ (fly) ಮತ್ತು ‘ಫ್ಲ್ಯಾಟ್ಸ್’ (flats) ಎಂಬ ಎರಡು ಇಂಗ್ಲಿಷ್ ಪದಗಳು ಎರಡು ವಾರದಿಂದ ನನ್ನನ್ನು ಮುಂದೆ ಹೋಗಗೊಟ್ಟಿಲ್ಲ.

ಮೊದಲ ಕರಡಿನಲ್ಲಿ ‘ನೊಣಗಾಳ’ ಎಂದು ಬರೆದಿದ್ದೆ. ಅದನ್ನು ಓದಿದ ನಿವೃತ್ತ ಶಿಕ್ಷಕರೊಬ್ಬರು, ಗಾಳಕ್ಕೆ ನಿಜವಾದ ನೊಣವನ್ನೇ ಚುಚ್ಚುತ್ತಾರೆಂದು ತಿಳಿದರು. ತಪ್ಪು ಅವರದಲ್ಲ, ಪದದ್ದು. ಈ ‘ಫ್ಲೈ’ ಜೀವವಿರುವ ಹುಳುವಲ್ಲ. ಬರಿಯ ಗಾಳಕ್ಕೆ ಗರಿ, ಕೂದಲು, ಮಿನುಗುವ ಎಳೆಗಳನ್ನು ದಾರದಿಂದ ಬಿಗಿದು ಕಟ್ಟಿದ ಒಂದು ಬೊಂಬೆ. ಸಿಹಿನೀರಿನ ತೊರೆಗಳಲ್ಲಿ ಟ್ರೌಟ್ ಮೀನಿಗಾಗಿ ಕಟ್ಟುವಾಗ ಅದು ನೀರಿನ ಮೇಲೆ ಹಾರುವ ಹುಳುವಿನಂತೆ ಕಾಣುತ್ತಿದ್ದುದರಿಂದ ಆ ಹೆಸರು ಬಂದಿತು. ಕಡಲಿಗೆ ಬಂದಾಗ ಅದು ಸೀಗಡಿಯ, ಏಡಿಯ ರೂಪ ತಾಳಿತು, ಹೆಸರು ಮಾತ್ರ ಹಳೆಯದೇ ಉಳಿಯಿತು. 1970ರ ದಶಕದಲ್ಲಿ ಬಹಾಮಾಸ್‌ನ ಆಂಡ್ರೋಸ್ ದ್ವೀಪದಲ್ಲಿ ಹುಟ್ಟಿದ ‘ಕ್ರೇಜಿ ಚಾರ್ಲಿ’ ಎಂಬ ಫ್ಲೈಯನ್ನೇ ನೋಡಿ. ಕಣ್ಣಿನ ಜಾಗದಲ್ಲಿ ಅದಕ್ಕೆ ಲೋಹದ ಎರಡು ಮಣಿಗಳಿರುತ್ತವೆ. ಅವುಗಳ ಭಾರಕ್ಕೆ ಗಾಳವು ನೀರಿನಲ್ಲಿ ಮಗುಚಿಕೊಂಡು, ಮೊನೆ ಮೇಲಾಗಿ ಇಳಿಯುವುದರಿಂದ ತಳದ ಹುಲ್ಲಿಗೋ ಹವಳದ ಚೂರಿಗೋ ಸುಲಭವಾಗಿ ಸಿಕ್ಕಿಕೊಳ್ಳುವುದಿಲ್ಲ. ಇಷ್ಟು ಯೋಚಿಸಿ ಕಟ್ಟಿದ ವಸ್ತುವನ್ನು ನೊಣ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

‘ಹುಸಿ ಎರೆ’ ಎನ್ನಬಹುದೆಂದು ಗೆಳೆಯರೊಬ್ಬರು ಸೂಚಿಸಿದರು. ಗಾಳಕ್ಕೆ ಚುಚ್ಚುವ ಆಹಾರ ಎಂಬ ಅರ್ಥ ಎರೆ ಪದಕ್ಕೆ ಇದೆ, ನಿಜ. ಆದರೆ ಕಲಬುರಗಿ, ಯಾದಗಿರಿಗಳ ಕಡೆ ಎರೆ ಎಂದೊಡನೆ ಕಣ್ಣಮುಂದೆ ಬರುವುದು ಜೋಳ, ತೊಗರಿ ಬೆಳೆಯುವ ಕಪ್ಪು ನೆಲವೇ ಹೊರತು ಗಾಳದ ಆಹಾರವಲ್ಲ. ಮೇಲಾಗಿ, ತಗಡಿನಿಂದ, ಪ್ಲಾಸ್ಟಿಕ್‌ನಿಂದ ಮಾಡಿದ ಬೇರೆ ಆಮಿಷಗಳೂ ಹುಸಿ ಎರೆಗಳೇ ಆದ್ದರಿಂದ ಇದನ್ನು ಅವುಗಳಿಂದ ಬೇರ್ಪಡಿಸಲಾಗದು. ಹೀಗಾಗಿ ‘ಗರಿಗಾಳ’ ಎಂಬ ಪದವನ್ನು ಕಟ್ಟಿಕೊಂಡಿದ್ದೇನೆ. ಎಲ್ಲದರಲ್ಲಿಯೂ ಗರಿಯೇ ಇರುವುದಿಲ್ಲವೆಂಬ ಆಕ್ಷೇಪ ಬರಬಹುದು. ಆದರೂ ಹಗುರ, ಕೈಯಿಂದ ಕಟ್ಟಿದ್ದು ಎಂಬ ಭಾವ ಅದರಲ್ಲಿದೆ.

ಆ ಹಗುರತನವೇ ಕ್ರಿಯಾಪದದ ಆಯ್ಕೆಯನ್ನೂ ನಿರ್ಧರಿಸುತ್ತದೆ. ಸಾಮಾನ್ಯ ಗಾಳವನ್ನು ಎಸೆಯುತ್ತೇವೆ, ಅಂದರೆ ತುದಿಯ ಭಾರವು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇದು ಕವಣೆಯ ಕಲ್ಲಿನ ರೀತಿ. ಗರಿಗಾಳದಲ್ಲಿ ತುದಿಗೆ ಭಾರವೇ ಇಲ್ಲವೆನ್ನಬಹುದು, ಭಾರವಿರುವುದು ದಾರದಲ್ಲಿ. ಸುಮಾರು 9 ಅಡಿಯ ಕೋಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದಾಗ ಆ ದಪ್ಪ ದಾರವು ಗಾಳಿಯಲ್ಲಿ ಸುರುಳಿ ಬಿಚ್ಚುತ್ತ ಸಾಗಿ, ಕೊನೆಯಲ್ಲಿ ಗರಿಗಾಳವನ್ನು ಮೆಲ್ಲಗೆ ನೀರಿಗಿಳಿಸುತ್ತದೆ. ಎತ್ತಿನ ಗಾಡಿ ಹೊಡೆಯುವವರು ಬಾರಕೋಲು ಬೀಸುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಕೋಲು ನಿಂತ ಮೇಲೂ ಬಾರು ಮುಂದೆ ಓಡುತ್ತದೆ. ಆದ್ದರಿಂದ ‘ಎಸೆ’ ಬೇಡ, ‘ಬೀಸು’ ಎಂಬುದೇ ಸರಿಯಾದ ಪದವೆಂದು ನಾನು ದೃಢವಾಗಿ ನಂಬಿದ್ದೇನೆ. ಮೀನು ಕಚ್ಚಿದಾಗ ಕೋಲನ್ನು ಎತ್ತದೆ ಎಡಗೈಯಿಂದ ದಾರವನ್ನೇ ಬಿಗಿಯಾಗಿ ಎಳೆಯಬೇಕು. ಅದಕ್ಕೆ ನಮ್ಮ ‘ಜಗ್ಗು’ ಸಾಕು.

ಈ ಗಾಳ ಬೀಸುವವರು ಹುಡುಕುವ ಬೋನ್‌ಫಿಶ್ ಎಂಬ ಕಡಲಮೀನಿನ ಹೆಸರನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ‘ಬೋನ್’ ಎಂದರೆ ಎಲುಬು. ಮೀನಿಗೆ ಎಲುಬು ಎನ್ನುವುದು ನಮ್ಮ ಬಳಕೆಯಲ್ಲ, ಮುಳ್ಳು ಎನ್ನುತ್ತೇವೆ. ಆದರೆ ‘ಮುಳ್ಳುಮೀನು’ ಎಂದರೆ ಮೈಮೇಲೆ ಮುಳ್ಳಿರುವ ಮೀನೆಂದು ಓದುಗರು ತಿಳಿಯುತ್ತಾರೆ.

‘ಫ್ಲ್ಯಾಟ್ಸ್’ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಹವಳದಿಬ್ಬದ ಒಳಗೆ ಮರಳು, ಕಡಲಹುಲ್ಲು, ಹವಳದ ಚೂರುಗಳ ಸಮತಟ್ಟಾದ ನೆಲವದು. ಉಬ್ಬರದಲ್ಲಿ ನೀರು ಏರಿದಂತೆ ಮೀನುಗಳು ಏಡಿ, ಸೀಗಡಿಗಳನ್ನು ಹುಡುಕುತ್ತ ಅದರ ಮೇಲೆ ಬರುತ್ತವೆ, ಇಳಿತದಲ್ಲಿ ಹಿಂದಿರುಗುತ್ತವೆ. ಕಳೆದ ಬೇಸಿಗೆಯಲ್ಲಿ ಭೀಮೆಯಲ್ಲಿ ಬೀಸುಬಲೆ ಹಿಡಿದು ನಿಂತಿದ್ದ ಹಿರಿಯರೊಬ್ಬರನ್ನು, ಕಾಲು ಮುಳುಗುವಷ್ಟೇ ನೀರಿರುವ ಇಂಥ ಜಾಗಕ್ಕೆ ಏನೆನ್ನುತ್ತೀರಿ ಎಂದು ಕೇಳಿದೆ. “ತೆಳ್ಳನ ನೀರು ಅಂತೀವ್ರಿ. ಇಲ್ಲಿ ಮೀನು ಕಾಣಲ್ರಿ, ಅದರ ನೆರಳು ಕಾಣ್ತದ” ಎಂದರು. ಬೆಳ್ಳಿಯ ಹುರುಪೆಗಳು ಕನ್ನಡಿಯಂತಿರುವ ಬೋನ್‌ಫಿಶ್ ಮೀನನ್ನು ಹುಡುಕುವವರೂ ಮೀನಿಗಿಂತ ಮೊದಲು ಮರಳಿನ ಮೇಲಿನ ನೆರಳನ್ನೇ ನೋಡುತ್ತಾರೆ! ಆದರೆ ‘ತೆಳ್ಳನ ನೀರು’ ನೀರನ್ನು ಹೇಳುತ್ತದೆ, ನೆಲವನ್ನು ಹೇಳುವುದಿಲ್ಲ. ‘ಬಯಲು’ ಎಂದರೆ ಒಣನೆಲದ ನೆನಪಾಗುತ್ತದೆ. ಅಘನಾಶಿನಿಯ ‘ಗಜನಿ’ಯಾದರೋ ಒಡ್ಡು ಕಟ್ಟಿ ಕಗ್ಗ ಭತ್ತ ಬೆಳೆಯುವ ಭೂಮಿ. ಹಾಸುಗಲ್ಲಿನ ನೆನಪಿನಿಂದ ಸದ್ಯಕ್ಕೆ ‘ಕಡಲಹಾಸು’ ಎಂದು ಬರೆದಿದ್ದೇನೆ.

ಕಾರವಾರದಿಂದ ಮಂಗಳೂರಿನವರೆಗಿನ ಮೀನುಗಾರರ ಮಾತಿನಲ್ಲಿ, ಇಳಿತದಲ್ಲಿ ತೆರೆದುಕೊಂಡು ಉಬ್ಬರದಲ್ಲಿ ಮುಚ್ಚುವ ಸಮತಟ್ಟಾದ ನೆಲಕ್ಕೆ ಒಂದೇ ಪದವಿದೆಯೇ? ಇದ್ದರೆ ‘ಕಡಲಹಾಸನ್ನು’ ಸಂತೋಷದಿಂದ ಕೈಬಿಡುತ್ತೇನೆ. ಹಾಗೆಯೇ, ‘ಗರಿಗಾಳ’ ಎಂಬುದನ್ನು ವಿವರಣೆಯಿಲ್ಲದೆ ಮೊದಲ ಬಾರಿ ಓದಿದಾಗ ನಿಮಗೆ ಏನು ಹೊಳೆಯಿತೆಂಬುದನ್ನು ದಯವಿಟ್ಟು ತಿಳಿಸಿ.